ಗ್ರಾಮೀಣ ಮಹಿಳೆಯರ ಉದ್ಯಮ: ಯಶಸ್ಸಿಗೆ ಬೇಕಾದ ಅಂಶಗಳು

ಧಾರವಾಡ ಜಿಲ್ಲೆಯ ಹೆಣ್ಣುಮಕ್ಕಳ ಕೈಯಲ್ಲಿ ಕಸುಬಿಗೆ ಕೊರತೆಯಿಲ್ಲ. ನವಲಗುಂದ, ಅಣ್ಣಿಗೇರಿಯ ಎರೆಭೂಮಿಯ ಜೋಳದಿಂದ ಕಡಕ್ ರೊಟ್ಟಿ, ಕುಂದಗೋಳದ ಬ್ಯಾಡಗಿ ಮೆಣಸಿನಕಾಯಿಯಿಂದ ಖಾರಪುಡಿ, ಕಲಘಟಗಿಯ ಅಕ್ಕಿಯಿಂದ ಸಂಡಿಗೆ, ಹಪ್ಪಳ ತಯಾರಿಸಬಹುದು. ಆದರೂ ಉತ್ಸಾಹದಿಂದ ತೊಡಗಿದ ಎಷ್ಟೋ ಉದ್ಯಮಗಳು ಬೇಗನೆ ನಿಂತುಹೋಗುತ್ತವೆ.

ಕೌಶಲವೊಂದೇ ಸಾಲದು ಎಂಬುದಕ್ಕೆ ನವಲಗುಂದದ ಜಮಖಾನೆಯೇ ಸಾಕ್ಷಿ. ಮಹಿಳೆಯರೇ ನೇಯುವ ಈ ಜಮಖಾನೆಗೆ ಭೌಗೋಳಿಕ ಸೂಚಕ ಮಾನ್ಯತೆಯೂ ದೊರೆತಿದೆ. ಆದರೆ ಶ್ರಮಕ್ಕೆ ತಕ್ಕ ಆದಾಯ ಸಿಗದೆ ನೇಯುವ ಕೈಗಳು ಬಹಳ ಕಡಿಮೆಯಾಗಿವೆ. ಆದುದರಿಂದ ಉದ್ಯಮ ಆರಂಭಿಸುವವರು ಕೆಳಗಿನ ಅಂಶಗಳತ್ತ ಗಮನ ಹರಿಸಬೇಕು.

1. ಶ್ರಮದ ಲೆಕ್ಕ

ಉದಾಹರಣೆಗೆ, 60 ರೊಟ್ಟಿಗೆ ಜೋಳ ರೂ. 200, ಬೀಸುವ ಕೂಲಿ ರೂ. 30, ಉರುವಲು ರೂ. 60, ಚೀಲ ಮತ್ತು ಸಾಗಣೆ ರೂ. 40 ಆಯಿತೆನ್ನೋಣ. ಒಟ್ಟು ಖರ್ಚು ರೂ. 330. ರೊಟ್ಟಿಗೆ ರೂ. 8ರಂತೆ ಮಾರಿದರೆ ರೂ. 480 ಬರುತ್ತದೆ. ರೂ. 150 ಲಾಭವೆಂದು ತೋರುತ್ತದೆ. ಆದರೆ ಇಬ್ಬರು ತಲಾ 6 ತಾಸು ಒಲೆಯ ಮುಂದೆ ಕುಳಿತಿದ್ದಾರೆ. ತಾಸಿಗೆ ರೂ. 25ರಂತೆ ಅವರ ಕೂಲಿಯೇ ರೂ. 300. ಆಗ ಒಟ್ಟು ಖರ್ಚು ರೂ. 630, ಅಂದರೆ ರೊಟ್ಟಿಗೆ ರೂ. 10.50. ಇದಕ್ಕಿಂತ ಕಡಿಮೆಗೆ ಮಾರಿದರೆ ನಷ್ಟವೇ. ನಿಮ್ಮ ಊರಿನ ದರಗಳನ್ನು ಹಾಕಿ ಇದೇ ರೀತಿ ಲೆಕ್ಕ ಮಾಡಿರಿ.

2. ಬಂಡವಾಳ

ಹೊಲ, ಮನೆ ಸಾಮಾನ್ಯವಾಗಿ ಗಂಡಸರ ಹೆಸರಿನಲ್ಲಿರುವುದರಿಂದ ಮಹಿಳೆಗೆ ಅಡವು ಇಡಲು ಆಸ್ತಿ ಇರುವುದಿಲ್ಲ. 1992ರಲ್ಲಿ ನಬಾರ್ಡ್ ಸ್ವಸಹಾಯ ಸಂಘಗಳನ್ನು ಬ್ಯಾಂಕುಗಳಿಗೆ ಜೋಡಿಸಿದ್ದು, 2000-01ರಲ್ಲಿ ರಾಜ್ಯ ಸರ್ಕಾರ ಸ್ತ್ರೀಶಕ್ತಿ ಯೋಜನೆ ತಂದದ್ದು ಈ ತೊಡಕನ್ನು ಸಡಿಲಿಸಿತು. ಸಂಘದ ಉಳಿತಾಯ ಮತ್ತು ಶಿಸ್ತೇ ಸಾಲಕ್ಕೆ ಆಧಾರ. ಉದ್ಯಮಕ್ಕೆಂದು ತಂದ ಸಾಲವನ್ನು ಮದುವೆ, ಜಾತ್ರೆಗೆ ಖರ್ಚು ಮಾಡುವುದು ಬಿತ್ತನೆಯ ಬೀಜ ಬೀಸಿ ಉಂಡಂತೆ.

3. ಗುಣಮಟ್ಟ

ಮೆಣಸಿನಕಾಯಿಯನ್ನು ನೆಲಕ್ಕೆ ತಾಗದಂತೆ ತಾಡಪತ್ರಿಯ ಮೇಲೆ ಚೆನ್ನಾಗಿ ಒಣಗಿಸಬೇಕು. ತೇವ ಉಳಿದರೆ ಬೂಸ್ಟು ಹಿಡಿದು ವಿಷವಸ್ತು ಸೇರುತ್ತದೆ. ರೊಟ್ಟಿಯನ್ನು ಪೂರ್ತಿ ಆರಿಸಿಯೇ ಕಟ್ಟಬೇಕು. ಪೊಟ್ಟಣದ ಮೇಲೆ ತಯಾರಿಸಿದ ದಿನಾಂಕ, ತೂಕ, ಆಹಾರ ಸುರಕ್ಷತಾ ನೋಂದಣಿ ಸಂಖ್ಯೆ ಇರಬೇಕು.

4. ಮಾರುಕಟ್ಟೆ

ಮೊದಲು ಗಿರಾಕಿ, ಆಮೇಲೆ ಯಂತ್ರ. ಹುಬ್ಬಳ್ಳಿ-ಧಾರವಾಡದ ಖಾನಾವಳಿ, ಅಂಗಡಿಗಳಲ್ಲಿ ಬೇಡಿಕೆ ವಿಚಾರಿಸಿರಿ. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಡಿ ಮಹಿಳೆಯರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣವಿರುವುದರಿಂದ ಸ್ವತಃ ಹೋಗಿ ದರ ಮಾತಾಡುವುದು ಸುಲಭ. ಒಬ್ಬನೇ ವ್ಯಾಪಾರಿಯನ್ನು ನಂಬಿ ಕೂಡಬಾರದು.

5. ಮನೆಯವರ ಸಹಕಾರ

ಕಳೆ ತೆಗೆಯುವ, ಮೆಣಸಿನಕಾಯಿ ಬಿಡಿಸುವ ದಿನಗಳಲ್ಲಿ ಹೊಲವೂ ಆಕೆಯನ್ನೇ ಕರೆಯುತ್ತದೆ. ಆಗ ಒಪ್ಪಿಕೊಂಡ ಮಾಲು ತಪ್ಪಿದರೆ ಗಿರಾಕಿ ಮತ್ತೆ ಬರುವುದಿಲ್ಲ. ಸಂಘದವರು ಪಾಳಿ ಹಾಕಿಕೊಳ್ಳಬೇಕು. ಮನೆಯವರು ನೀರು, ಉರುವಲು, ಮಕ್ಕಳ ಕೆಲಸ ಹಂಚಿಕೊಳ್ಳಬೇಕು. ಗಳಿಸಿದ ಹಣ ಆಕೆಯ ಖಾತೆಯಲ್ಲಿಯೇ ಇರಲಿ. ಕೈಗೆ ಬಂದ ಹಣ ಕೈ ಬಿಟ್ಟು ಹೋದರೆ ಮರುದಿನದ ಜೋಳಕ್ಕೆ ಮತ್ತೆ ಸಾಲವೇ ಗತಿ.

ವಿಸ್ತರಣಾ ಕಾರ್ಯಕರ್ತರು ತರಬೇತಿಯಲ್ಲಿ ರುಚಿ, ಬಣ್ಣಗಳ ಜೊತೆಗೆ ಲೆಕ್ಕವನ್ನೂ ಕಲಿಸಬೇಕು. ಗಂಡ, ಅತ್ತೆಯರನ್ನೂ ಕೂಡಿಸಿ ಮಾತಾಡಬೇಕು. ತಾಯಂದಿರೇ, ಈ ತಿಂಗಳೇ ಒಂದು ನೋಟುಪುಸ್ತಕ ತೆರೆಯಿರಿ. ಜೋಳದ ಬೆಲೆಯ ಕೆಳಗೆ ನಿಮ್ಮ ಕೂಲಿಯನ್ನೂ ಬರೆಯಿರಿ.