ಮೇಳದ ಹಿಂದೆ ಹೊರಟವಳಿಗೆ

ಮೊನ್ನೆ ಭಾನುವಾರ ಜಯನಗರದ ನಮ್ಮ ಮನೆಗೆ ಬಂದವಳು, ಕಾಫಿ ಲೋಟ ಪಕ್ಕಕ್ಕಿಟ್ಟು, ಮೊಬೈಲಿನಲ್ಲಿ ಬರೆದುಕೊಂಡಿದ್ದ ಪಟ್ಟಿ ಓದಿದೆಯಲ್ಲ, ಆಗಲೇ ಹೇಳಬೇಕೆಂದಿದ್ದೆ. ಅಷ್ಟರಲ್ಲಿ ನಿನ್ನತ್ತೆ ಊಟಕ್ಕೆ ಕರೆದಳು, ಮಾತು ಎಲ್ಲೆಲ್ಲಿಗೋ ಹೋಯಿತು. ಪಟ್ಟಿಯಲ್ಲಿ ಹದಿನಾಲ್ಕು ಸಾಮಾನು. ಮೊದಲನೆಯದು ಕ್ಯಾಮೆರಾ, ಕೊನೆಯದು ಮೈಕು. ಆ ಪಟ್ಟಿಯನ್ನು ಬುಡಮೇಲು ಮಾಡಿಕೋ ಅಂತ ಹೇಳುವುದಕ್ಕೇ ಕೂತಿದ್ದೇನೆ ಕಣಮ್ಮ.

ಒಂದು ತಿಂಗಳು ಯಕ್ಷಗಾನ ಮೇಳದ ಜೊತೆ ಊರೂರು ಸುತ್ತಿ ಆಟ ಚಿತ್ರೀಕರಿಸುತ್ತೇನೆ ಎಂದಾಗ ನನಗಾದ ಸಂತೋಷ ನಿನಗೆ ಕಾಣಿಸಿತೋ ಇಲ್ಲವೋ. ಬನಶಂಕರಿಯಲ್ಲಿ ಹುಟ್ಟಿ, ಬಿಟಿಎಂ ಲೇಔಟಿನಲ್ಲಿ ಕೆಲಸ ಮಾಡಿಕೊಂಡಿರುವ ಹುಡುಗಿ ಅಜ್ಜನ ಊರಿನ ರಂಗಸ್ಥಳ ಹುಡುಕಿಕೊಂಡು ಹೊರಟಿದ್ದೀಯ. ಆದರೆ ಮೇಳದ ಬದುಕು ಗೊತ್ತಿದ್ದರೆ ಸಾಮಾನಿನ ಆಯ್ಕೆಯೇ ಬೇರೆಯಾಗುತ್ತದೆ. ನವೆಂಬರಿನ ಆಸುಪಾಸು ಗೆಜ್ಜೆ ಕಟ್ಟಿದವರು ಮೇ ಕೊನೆಯ ಪತ್ತನಾಜೆಯ ಹೊತ್ತಿಗೇ ಗೆಜ್ಜೆ ಬಿಚ್ಚುವುದು. ಅಲ್ಲಿಯವರೆಗೆ ಇವತ್ತು ಒಂದೂರು, ನಾಳೆ ಇನ್ನೊಂದೂರು. ಬೆಳಗಿನ ಜಾವ ಮಂಗಳ ಹಾಡಿ, ಪೆಟ್ಟಿಗೆ ಕಟ್ಟಿ, ಲಾರಿಗೆ ಏರಿಸಿ, ಮಧ್ಯಾಹ್ನ ನಿದ್ದೆ ಮಾಡಿ, ಸಂಜೆ ಹೊಸ ಗದ್ದೆಯಲ್ಲಿ ಮತ್ತೆ ಕಂಬ ನೆಡುತ್ತಾರೆ. ನೀನೂ ಹಾಗೇ ಕಟ್ಟಿ ಬಿಚ್ಚಿ, ಬಿಚ್ಚಿ ಕಟ್ಟಬೇಕು, ಅದೂ ಒಬ್ಬಳೇ, ಮೂವತ್ತು ರಾತ್ರಿ. ಮೊದಲ ರಾತ್ರಿ ಅದ್ಭುತವಾಗಿ ತೆಗೆದು ಎಂಟನೆಯ ರಾತ್ರಿ ಕೈಚೆಲ್ಲಿಸುವ ಸಾಮಾನು ಎಷ್ಟು ಒಳ್ಳೆಯದಾದರೂ ನಿನಗಲ್ಲ.

ನನ್ನ ಒಂದು ಕಥೆ ಹೇಳುತ್ತೇನೆ. ತೊಂಬತ್ತರ ದಶಕದಲ್ಲಿ ಕುಂದಾಪುರದ ಕಡೆ ಒಂದು ಹರಕೆಯಾಟ. ಹೆಗಲ ಮೇಲೆ ಇಟ್ಟುಕೊಳ್ಳುವ ವಿಎಚ್‌ಎಸ್ ಕ್ಯಾಮೆರಾ ಬಾಡಿಗೆಗೆ ತಂದು ರಾತ್ರಿಯಿಡೀ ತೆಗೆದೆ. ಮೂರು ಗಂಟೆಯ ಟೇಪು ಮೂರು ಮುಗಿದವು. ದನಿಗೆ ಕ್ಯಾಮೆರಾದ ಮೂತಿಯಲ್ಲಿದ್ದ ಮೈಕನ್ನೇ ನಂಬಿದ್ದೆ. ಮನೆಗೆ ಬಂದು ಹಾಕಿದರೆ ಚಂಡೆ ಬಿದ್ದಲ್ಲೆಲ್ಲ ಬರೀ ಕರಕರ, ಅದರಡಿಯಲ್ಲಿ ಭಾಗವತರ ಪದ್ಯ ಹೂತುಹೋಗಿತ್ತು. ಕೆಲವು ವರ್ಷಗಳಲ್ಲಿ ಆ ಭಾಗವತರು ತೀರಿಕೊಂಡರು. ಅವರ ಮಗ ಟೇಪು ಕೇಳಿಕೊಂಡು ಬಂದ. ಅಪ್ಪನ ಬಾಯಿ ಆಡುವುದನ್ನು ನೋಡಿದ, ಹಾಡು ಕೇಳಿಸಲಿಲ್ಲ. ಏನೂ ಹೇಳದೆ ಟೇಪು ವಾಪಸು ಕೊಟ್ಟು ಹೋದ. ಇವತ್ತಿಗೂ ಆ ಕಪಾಟು ತೆರೆದಾಗ ನನಗೆ ಅವನ ಮುಖ ನೆನಪಾಗುತ್ತದೆ.

ಭಾಗವತ ಕಾಳಿಂಗ ನಾವಡರ ವಿಷಯ ನೋಡು. 1990ರಲ್ಲಿ ಅಪಘಾತದಲ್ಲಿ ಹೋದಾಗ ಮೂವತ್ತರ ಆಚೀಚೆಯ ವಯಸ್ಸು. ಅವರನ್ನು ಕಣ್ಣಾರೆ ಕಾಣದ ಎಷ್ಟೋ ಹುಡುಗರು ಇವತ್ತು ಅವರ ಪದ್ಯ ಕೇಳಿ ಕಣ್ಣು ಒರೆಸಿಕೊಳ್ಳುತ್ತಾರೆ. ಅದನ್ನು ಉಳಿಸಿದ್ದು ಕ್ಯಾಸೆಟ್ಟು. ಅದಕ್ಕೇ ನಾನು ದುಡ್ಡಿನ ಮೊದಲ ಪಾಲು ದನಿಗೆ ತೆಗೆದಿಡು ಅನ್ನುವುದು.

ಬೇರೆಯೇ ಒಂದು ರೆಕಾರ್ಡರ್ ಕೊಂಡುಕೋ. ಈಗ 32 ಬಿಟ್ ಫ್ಲೋಟ್ ಎಂಬ ಬಗೆಯವು ಬಂದಿವೆ, ಅಂಗೈ ಅಗಲದವು. ಅದರಲ್ಲಿ ಮಟ್ಟ ಹೆಚ್ಚುಕಡಿಮೆಯಾದರೂ ಆಮೇಲೆ ಏರಿಸಿ ಇಳಿಸಿ ಸರಿಮಾಡಬಹುದು. ಭಾಗವತರು ಆಲಾಪನೆ ಮಾಡುವಾಗಿನ ಮೆಲುದನಿಗೂ ಮರುಕ್ಷಣ ಯುದ್ಧದ ಚಂಡೆಗೂ ಇರುವ ಅಂತರಕ್ಕೆ ಇದು ಹೇಳಿ ಮಾಡಿಸಿದ್ದು. ಆದರೆ ಅದನ್ನೇ ಸಂಜೀವಿನಿ ಎಂದುಕೊಳ್ಳಬೇಡ. ಮೈಕೇ ಚಂಡೆಯ ಹೊಡೆತ ತಾಳದಿದ್ದರೆ, ಅಥವಾ ಮೈಕಿನವರ ಮಿಕ್ಸರಿನಿಂದಲೇ ಒಡೆದ ದನಿ ಬರುತ್ತಿದ್ದರೆ, ಯಾವ ಫ್ಲೋಟೂ ಉಳಿಸುವುದಿಲ್ಲ. ಆದ್ದರಿಂದ ಎರಡು ದಾರಿ ಇಟ್ಟುಕೋ. ಮಿಕ್ಸರಿನಿಂದ ಒಂದು ತಂತಿ, ಅದರಲ್ಲಿ ಭಾಗವತರ ಹಾಡೂ ವೇಷಧಾರಿಗಳ ಅರ್ಥವೂ ಸ್ಪಷ್ಟವಾಗಿ ಬರುತ್ತದೆ. ಇನ್ನೊಂದು, ಎದುರಿನ ಪ್ರೇಕ್ಷಕರ ನಡುವೆ ಎತ್ತರದ ಕೋಲಿನ ಮೇಲೆ ಜೋಡಿ ಮೈಕು. ಚಂಡೆಯ ಅನುರಣನ, ಹಾಸ್ಯಗಾರನಿಗೆ ಬೀಳುವ ನಗು, ದೂರದ ನಾಯಿ ಎಲ್ಲ ಅದರಲ್ಲಿ. ಎರಡನ್ನೂ ಬೆರೆಸಿದರೆ ಗದ್ದೆಯಲ್ಲಿ ಕೂತು ಕೇಳಿದ ಹಾಗಿರುತ್ತದೆ.

ಮೈಕಿನವರ ಹತ್ತಿರ ಯಾವ ಬಗೆಯ ಪಿನ್ನು ಸಿಗುತ್ತದೋ ಹೇಳಲಾಗದು. ಎಕ್ಸ್‌ಎಲ್‌ಆರ್, ಕಾಲಿಂಚಿನ ಜ್ಯಾಕ್, ಆರ್‌ಸಿಎ, ಮೂರಕ್ಕೂ ಹೊಂದುವ ತಂತಿಗಳನ್ನು ಎಸ್‌ಪಿ ರೋಡಿನಲ್ಲಿ ಕೊಂಡು ಒಂದು ಡಬ್ಬಿಗೆ ಹಾಕಿಡು. ರೆಕಾರ್ಡರನ್ನು ಜನರೇಟರಿನ ಕರೆಂಟಿಗೆ ಸಿಕ್ಕಿಸದೆ ಅದರದೇ ಬ್ಯಾಟರಿಯಲ್ಲಿ ಓಡಿಸು, ಗುಂಯ್ ಎನ್ನುವ ಸದ್ದು ಬಹುಪಾಲು ಅಲ್ಲಿಗೇ ನಿಲ್ಲುತ್ತದೆ. ಮತ್ತೆ ಮೈಕಿನವರಿಗೆ ಮೊದಲ ಸಂಜೆಯೇ ನಮಸ್ಕಾರ ಹೇಳಿ, ಒಂದು ಚಾ ಕುಡಿದು, ಆಮೇಲೆ ತಂತಿ ಕೇಳು.

ದನಿಯನ್ನೂ ಚಿತ್ರವನ್ನೂ ಹೊಂದಿಸುವುದು ಹೇಗೆ ಎಂದು ಕೇಳಿದ್ದೆ. ಸಿನಿಮಾದವರ ಹಾಗೆ ಕ್ಲ್ಯಾಪ್ ಹಲಗೆ ಬೇಡ, ಚಂಡೆಯ ಕೋಲಿದೆಯಲ್ಲ! ಕೋಲು ಚರ್ಮಕ್ಕೆ ತಾಗುವುದು ಚಿತ್ರದಲ್ಲಿ ಕಂಡ ಫ್ರೇಮಿಗೆ ಮಿಕ್ಸರಿನ ದನಿಯ ಮೊನೆಯನ್ನು ಕೂರಿಸು. ಜೋಡಿ ಮೈಕು ರಂಗಸ್ಥಳದಿಂದ ನಲವತ್ತಡಿ ದೂರವಿದ್ದರೆ ಅದರ ದನಿ ಹೆಚ್ಚುಕಡಿಮೆ ಒಂದು ಫ್ರೇಮಿನಷ್ಟು ತಡವಾಗಿ ಬಂದಿರುತ್ತದೆ, ಗಾಳಿಯಲ್ಲಿ ಅದು ನಡೆದು ಬರಬೇಕಲ್ಲ. ಅದನ್ನು ಅಷ್ಟೇ ಹಿಂದಕ್ಕೆ ಸರಿಸಿಕೋ. ಎರಡು ಯಂತ್ರಗಳ ಗಡಿಯಾರ ರಾತ್ರಿಯಿಡೀ ಒಂದೇ ಹೆಜ್ಜೆ ಹಾಕುವುದಿಲ್ಲ, ಆದ್ದರಿಂದ ಪ್ರತಿ ಒಡ್ಡೋಲಗದ ಹತ್ತಿರ ಹೊಸದಾಗಿ ಹೊಂದಿಸು.

ಇನ್ನು ಕ್ಯಾಮೆರಾ. ನೀನು ಬರೆದುಕೊಂಡಿದ್ದು ಫುಲ್‌ಫ್ರೇಮ್ ಮಿರರ್‌ಲೆಸ್, ಮೂರು ಲೆನ್ಸು. ಕತ್ತಲೆಯಲ್ಲಿ ಅದರ ಚಿತ್ರ ಚೆಂದ, ಒಪ್ಪಿದೆ. ಲೆಕ್ಕ ಹಾಕೋಣ. ಮೇಳದ ರಂಗಸ್ಥಳ ಇಪ್ಪತ್ತಡಿ ಅಗಲ ಎಂದಿಟ್ಟುಕೋ, ನೀನು ನಲವತ್ತಡಿ ದೂರದಲ್ಲಿದ್ದೀಯ. ಇಡೀ ರಂಗಸ್ಥಳ ಅಂಚಿಗಂಚು ಕೂರಲು 72 ಮಿಲಿಮೀಟರ್ ಬೇಕು. ಸೊಂಟದಿಂದ ಕಿರೀಟದ ತುದಿಯವರೆಗೆ ನಾಲ್ಕಡಿ ಹಿಡಿಯಲು 200. ಅಂದರೆ 70–200ರ ಒಂದೇ ಲೆನ್ಸಿನಲ್ಲಿ ಕೆಲಸ ಮುಗಿಯಿತು. ಆದರೆ ಊರಿನವರು ಅರವತ್ತಡಿ ದೂರದಲ್ಲಿ ಜಾಗ ಕೊಟ್ಟರೆ? ಆಗ ಅದೇ ನಾಲ್ಕಡಿಗೆ 300 ಬೇಕು, ಲೆನ್ಸು ಸೋಲುತ್ತದೆ. ಇಲ್ಲಿ ಒಂದಿಂಚಿನ ಸೆನ್ಸರಿನ ಕ್ಯಾಮ್‌ಕಾರ್ಡರ್ ಗೆಲ್ಲುತ್ತದೆ. ಒಂದೇ ಲೆನ್ಸು, 29ರಿಂದ 348 ಮಿಲಿಮೀಟರಿಗೆ ಸಮನಾದ ಜೂಮು, ಬೆರಳಲ್ಲಿ ಒತ್ತಿದರೆ ಎಣ್ಣೆ ಜಾರಿದ ಹಾಗೆ ಹತ್ತಿರ ಬರುತ್ತದೆ. ಗಂಟೆಗಟ್ಟಲೆ ಓಡಿಸಲೆಂದೇ ಮಾಡಿದ್ದು. ಎಕ್ಸ್‌ಎಲ್‌ಆರ್ ಇರುವ ಮಾದರಿಯನ್ನೇ ಆರಿಸು. ಸೆನ್ಸರು ಚಿಕ್ಕದು ಎಂದು ಹಿಂಜರಿಯಬೇಡ. ಗ್ಯಾಸ್‌ಲೈಟಿನ ಕಾಲ ಹೋಯಿತು, ಈಗಿನ ರಂಗಸ್ಥಳದಲ್ಲಿ ಎಲ್‌ಇಡಿ ಬೆಳಕು ಧಾರಾಳ.

ಮಿರರ್‌ಲೆಸ್ಸೇ ಬೇಕು ಎಂದು ಹಟವಿದ್ದರೆ, ಸೆಕೆಂಡ್‌ಹ್ಯಾಂಡ್ ಕೊಳ್ಳುವಾಗ ಒಂದು ನೋಡಿಕೋ. ಹಳೆಯ ಸ್ಟಿಲ್ ಕ್ಯಾಮೆರಾಗಳು 29 ನಿಮಿಷ 59 ಸೆಕೆಂಡಿಗೆ ತಾವಾಗಿ ನಿಲ್ಲುತ್ತವೆ. ಅರ್ಧ ಗಂಟೆ ಮೀರಿ ಓಡಿದರೆ ಯುರೋಪಿನ ಸುಂಕದವರು ಅದನ್ನು ವಿಡಿಯೊ ಕ್ಯಾಮೆರಾ ಎಂದು ಎಣಿಸುತ್ತಿದ್ದರು, ತಯಾರಕರು ಅದನ್ನು ತಪ್ಪಿಸಲು ಹಾಗೆ ಮಾಡಿದ್ದು. ಬಣ್ಣದ ವೇಷದ ತೆರೆ ಒಡ್ಡೋಲಗ ನಡೆಯುವಾಗ, ತೆರೆಯ ಮೇಲಂಚಿನಲ್ಲಿ ಕಿರೀಟ ಅಲುಗಾಡುತ್ತಿರುವಾಗ, ಕ್ಯಾಮೆರಾ ನಿಂತುಹೋದರೆ ಎಷ್ಟು ಸಂಕಟವಾಗುತ್ತದೆ ಗೊತ್ತೆ?

ಎರಡನೆಯ ಕ್ಯಾಮೆರಾ ಚಿಕ್ಕದಿರಲಿ, ನಿನ್ನ ಮೊಬೈಲಾದರೂ ಸೈ. ಅದನ್ನು ಎತ್ತರದಲ್ಲಿ ಬಿಗಿದು, ಇಡೀ ರಂಗಸ್ಥಳ ಕಾಣುವಂತೆ 4ಕೆಯಲ್ಲಿ ಬಿಟ್ಟುಬಿಡು. ಧಿಗಿಣ ಹಾರುವಾಗ ನೀನು ಮುಖದ ಮೇಲೆ ಜೂಮ್ ಮಾಡಿಕೊಂಡು ಕೂತಿದ್ದರೆ ಕಾಪಾಡುವುದು ಅದೇ. ಕೈಯಲ್ಲಿರುವ ಮುಖ್ಯ ಕ್ಯಾಮೆರಾಕ್ಕೆ ಫುಲ್ ಎಚ್‌ಡಿ ಸಾಕು ಅನ್ನುತ್ತೇನೆ. ಒಪ್ಪದಿದ್ದರೆ ಈ ಲೆಕ್ಕ ನೋಡು. ಸೆಕೆಂಡಿಗೆ 50 ಮೆಗಾಬಿಟ್ಟಿನಲ್ಲಿ ಗಂಟೆಗೆ 22.5 ಜಿಬಿ, ಎಂಟು ಗಂಟೆಯ ಆಟಕ್ಕೆ 180 ಜಿಬಿ. 100 ಮೆಗಾಬಿಟ್ಟಿಗೆ ಅದರ ಎರಡರಷ್ಟು. ಮೂವತ್ತು ರಾತ್ರಿ, ಪ್ರತಿಯೊಂದಕ್ಕೂ ಎರಡು ಪ್ರತಿ. ಧರ್ಮಸ್ಥಳ ಮೇಳದ ಹಾಗೆ ಕಾಲಮಿತಿಯ ಆಟವಾಡುವ ಮೇಳವಾದರೆ ಹೊರೆ ಅಷ್ಟು ಇಳಿಯುತ್ತದೆ. ಎರಡು ಪ್ರತಿಗಳನ್ನು ಒಂದೇ ಚೀಲದಲ್ಲಿ ಮಾತ್ರ ಇಡಬೇಡಮ್ಮ. ಒಂದು ನಿನ್ನ ಹತ್ತಿರ, ಇನ್ನೊಂದು ವಾರಕ್ಕೊಮ್ಮೆ ಕುಂದಾಪುರದ ದೊಡ್ಡಮ್ಮನ ಮನೆಗೆ.

ಕರೆಂಟಿನ ವಿಷಯ ಸಣ್ಣದಾಗಿ ಹೇಳಿ ಮುಗಿಸುತ್ತೇನೆ. ಎಂಟು ವಾಟ್ ಕುಡಿಯುವ ಕ್ಯಾಮೆರಾ ಎಂಟು ಗಂಟೆಗೆ 64 ವಾಟ್-ಅವರ್ ಕೇಳುತ್ತದೆ. 20,000 ಎಂಎಎಚ್ ಪವರ್‌ಬ್ಯಾಂಕಿನಲ್ಲಿ ಇರುವುದು 74, ಸೋರಿಕೆ ಕಳೆದು ಕೈಗೆ ಸಿಗುವುದು ಅರವತ್ತರ ಹತ್ತಿರ. ಹಾಗಾಗಿ ರಾತ್ರಿಗೆ ಎರಡು ಇರಲಿ, ಹಗಲು ತುಂಬಿಸಿಕೋ.

ಕ್ಯಾಮೆರಾದ ಆಟೊಮ್ಯಾಟಿಕ್ ಬುದ್ಧಿಯನ್ನು ರಂಗಸ್ಥಳಕ್ಕೆ ತರಬೇಡ. ಹಿಂದೆಲ್ಲ ಕತ್ತಲು, ಮುಂದೆ ಚಿನ್ನದ ಬಣ್ಣದ ಭುಜಕೀರ್ತಿ. ಕತ್ತಲೆ ನೋಡಿ ಅದು ಬೆಳಕು ಏರಿಸುತ್ತದೆ, ಭುಜಕೀರ್ತಿ ಬೆಳ್ಳಗೆ ಸುಟ್ಟುಹೋಗುತ್ತದೆ. ಆಭರಣದ ಹೊಳಪು ಉಳಿಯುವಷ್ಟಕ್ಕೆ ಕೈಯಾರೆ ಇಳಿಸಿ ನಿಲ್ಲಿಸು. ವೈಟ್ ಬ್ಯಾಲೆನ್ಸೂ ಹಾಗೇ, ಇಲ್ಲದಿದ್ದರೆ ಒಂದೇ ವೇಷದ ಕೆಂಪು ಪದ್ಯಕ್ಕೊಂದು ಬಣ್ಣ ತಾಳುತ್ತದೆ. ನಮ್ಮ ಕರೆಂಟು 50 ಹರ್ಟ್ಸ್, ಆದ್ದರಿಂದ 25 ಫ್ರೇಮು, ಶಟರ್ 1/50. ಕರೆಂಟಿಗೆ ಹೊಂದದ ಶಟರ್ ಇಟ್ಟರೆ ದೀಪಗಳು ಮಿಣಮಿಣ ಎನ್ನಬಹುದು.

ಗಿಂಬಲ್, ಸ್ಲೈಡರ್, ಡ್ರೋನ್ ಮೂರನ್ನೂ ಪಟ್ಟಿಯಿಂದ ಹೊಡೆದುಹಾಕು. ನೆಲದಲ್ಲಿ ಚಾಪೆ ಹಾಸಿ ಮಕ್ಕಳನ್ನು ಮಲಗಿಸಿಕೊಂಡು ಆಟ ನೋಡುವ ಜನರ ತಲೆಯ ಮೇಲೆ ಡ್ರೋನ್ ಹಾರಿಸುವುದು ನನಗೆ ಸರಿಕಾಣುವುದಿಲ್ಲ. ಹರಕೆ ಹೇಳಿಕೊಂಡವರ ಸೇವೆ ಅದು. ಆ ದುಡ್ಡಿನಲ್ಲಿ ಫ್ಲೂಯಿಡ್ ಹೆಡ್ ಇರುವ ಒಳ್ಳೆಯ ಟ್ರೈಪಾಡು ಬರುತ್ತದೆ. ಗದ್ದೆಯ ಮಣ್ಣಿಗೆ ಊರಲು ಅದರ ಕಾಲಿಗೆ ಮೊಳೆ ಇರಲಿ.

ಚೌಕಿಯೊಳಗೆ ಹೋಗುವಾಗ ಚಪ್ಪಲಿ ಹೊರಗೆ. ಅಲ್ಲಿ ದೇವರ ಪೆಟ್ಟಿಗೆ ಇದೆ, ಪೂಜೆ ಇದೆ. ಸಾಲಾಗಿ ಕೂತು ಕನ್ನಡಿ ಹಿಡಿದು ಬಣ್ಣ ಬರೆದುಕೊಳ್ಳುವವರ ಮುಖಕ್ಕೆ ಲೈಟು ಹಿಡಿಯಬೇಡ. ಮಿರರ್‌ಲೆಸ್ ಮೇಲಿನ ಆಸೆಯನ್ನು ಇಲ್ಲಿ ತೀರಿಸಿಕೋ, ಚಿಕ್ಕದೊಂದು ಬಾಡಿಗೆಗೆ ತಗೊಂಡು ಎಫ್ 1.8ರ 35 ಎಂಎಂ ಲೆನ್ಸು ಹಾಕಿದರೆ ಇರುವ ಬಲ್ಬೇ ಸಾಕು. ಮೇಳದ ಯಜಮಾನರಲ್ಲಿ ಮಾತ್ರವಲ್ಲ, ಭಾಗವತರನ್ನೂ ಕಲಾವಿದರನ್ನೂ ಒಬ್ಬೊಬ್ಬರನ್ನೇ ಕೇಳಿ ಒಪ್ಪಿಗೆ ಬರೆಸಿಕೋ. ನಮ್ಮ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಪ್ರದರ್ಶನ ನೀಡಿದವರ ಹಕ್ಕು 50 ವರ್ಷ ಇರುತ್ತದೆ. ಕಾಯ್ದೆ ಇರದಿದ್ದರೂ ಕೇಳಬೇಕಾಗಿತ್ತು, ಅವರ ಕುಣಿತ, ಅವರ ಮಾತು.

ಕರಾವಳಿಯ ಹವೆಗೆ ನಮ್ಮ ಬೆಂಗಳೂರಿನ ಸಾಮಾನು ಒಗ್ಗಿರುವುದಿಲ್ಲ. ಎಸಿ ಕೋಣೆಯಿಂದ ನೇರ ಹೊರಗೆ ತೆಗೆದರೆ ಲೆನ್ಸಿನ ಮೇಲೆ ಹಬೆ ಕೂರುತ್ತದೆ. ಚೀಲದೊಳಗೇ ಒಂದಷ್ಟು ಹೊತ್ತು ಹೊರಗಿಟ್ಟು ಆಮೇಲೆ ತೆರೆ. ಬೆಳಗಿನ ಜಾವ ಮೂರರ ಹೊತ್ತಿಗೆ ಇಬ್ಬನಿ ಬೀಳುತ್ತದೆ, ಕ್ಯಾಮೆರಾದ ತಲೆಗೊಂದು ಛತ್ರಿ ಕಟ್ಟು. ಸಿಲಿಕಾ ಜೆಲ್ ಪೊಟ್ಟಣ ಡಬ್ಬಿಗೆ ನಾಲ್ಕು ಹಾಕಿಡು, ಇಲ್ಲದಿದ್ದರೆ ಲೆನ್ಸಿಗೆ ಬೂಷ್ಟು.

ಹೊರಡುವ ಮೊದಲು ಇಲ್ಲೇ ಅಭ್ಯಾಸ ಮಾಡು. ಮಳೆಗಾಲದಲ್ಲಿ ಕಲಾವಿದರು ಬೆಂಗಳೂರಿಗೆ ಬರುತ್ತಾರೆ, ರವೀಂದ್ರ ಕಲಾಕ್ಷೇತ್ರದಲ್ಲಿ ಆಟ ಆಗುತ್ತಲೇ ಇರುತ್ತದೆ, ಒಪ್ಪಿಗೆ ಕೇಳಿ ಒಂದು ಮೂಲೆಯಲ್ಲಿ ನಿಲ್ಲು. ಜೆ.ಪಿ. ನಗರದ ರಂಗಶಂಕರಕ್ಕೆ ಕ್ಯಾಮೆರಾ ಇಲ್ಲದೆ ಹೋಗು. 2004ರಲ್ಲಿ ತೆರೆದ ಆ ರಂಗಮಂದಿರದಲ್ಲಿ ವೇದಿಕೆ ಮುಂದಕ್ಕೆ ಚಾಚಿದೆ, ಮೂರು ಕಡೆಯಿಂದ ಜನ, ಥೇಟ್ ನಮ್ಮ ಬಯಲಾಟದ ಹಾಗೆ. ಒಂದು ದಿನ ಎದುರಿಗೆ, ಇನ್ನೊಂದು ದಿನ ಪಕ್ಕದಲ್ಲಿ ಕೂತು ನೋಡಿದರೆ ಕ್ಯಾಮೆರಾ ಎಲ್ಲಿಟ್ಟರೆ ಏನು ತಪ್ಪಿಹೋಗುತ್ತದೆ ಎಂದು ಕಣ್ಣಿಗೆ ಗೊತ್ತಾಗುತ್ತದೆ. ಆದರೆ ಗೋಡೆಯಲ್ಲಿ ಪ್ಲಗ್ಗು, ತಲೆಯ ಮೇಲೆ ಸೂರು ಇರುವ ಸಭಾಂಗಣ ಗದ್ದೆಯ ಪಾಠ ಕಲಿಸುವುದಿಲ್ಲ, ಅದು ನೆನಪಿರಲಿ.

ಸಾಮಾನೆಲ್ಲ ಕೂಡಿಬಂದ ದಿನ ಒಂದೇ ಒಂದು ಪರೀಕ್ಷೆ ಮಾಡು. ಎಲ್ಲವನ್ನೂ ಎರಡು ಚೀಲಕ್ಕೆ ತುಂಬಿ, ನೀರಿನ ಬಾಟಲಿ, ಎರಡು ಜೊತೆ ಬಟ್ಟೆಯನ್ನೂ ಸೇರಿಸಿ, ಹೊತ್ತುಕೊಂಡು ಬನಶಂಕರಿ ಮೆಟ್ರೊದ ಮೆಟ್ಟಿಲು ಹತ್ತು. ಲಿಫ್ಟು ಬೇಡ. ಮೆಜೆಸ್ಟಿಕ್ಕಿಗೆ ಹೋಗಿ, ಅಲ್ಲಿನ ಜನಸಂದಣಿಯಲ್ಲಿ ಮೇಲೆ ಬಂದು, ಬಸ್‌ಸ್ಟ್ಯಾಂಡಿನವರೆಗೆ ನಡೆದು ವಾಪಸು ಬಾ. ದಾರಿಯಲ್ಲಿ ಯಾವುದನ್ನು ಬಿಟ್ಟು ಬರಬಹುದಿತ್ತು ಅನ್ನಿಸಿತೋ ಅದನ್ನು ಮನೆಯಲ್ಲಿಡು.

ನನ್ನ ಹಳೆಯ ಟ್ರೈಪಾಡು ಅಟ್ಟದ ಮೇಲಿದೆ, ಒಂದು ಕಾಲಿನ ತಿರುಪು ಸಡಿಲ, ಆದರೆ ತಲೆ ಇನ್ನೂ ಬೆಣ್ಣೆಯ ಹಾಗೆ ತಿರುಗುತ್ತದೆ. ಶನಿವಾರ ಬಂದರೆ ಇಬ್ಬರೂ ಸೇರಿ ಇಳಿಸಿ ರಿಪೇರಿ ಮಾಡೋಣ. ಮತ್ತೆ ಮೇಳ ಸೇರಿದ ಮೊದಲ ರಾತ್ರಿಯ ದನಿಯನ್ನು ಮಾರನೆಯ ದಿನವೇ ನನಗೆ ಕಳಿಸು, ಚಿತ್ರ ಆಮೇಲೆ ನೋಡುತ್ತೇನೆ.