ಕೃದಂತ ಕೈವಶವಾಗಲು ಏಳು ಸೂತ್ರಗಳು

ಎಸ್‌ಎಸ್‌ಎಲ್‌ಸಿ ಇರಲಿ, ಟಿಇಟಿ ಇರಲಿ, ಕೃದಂತದ ಪ್ರಶ್ನೆ ಕಂಡರೆ ಅನೇಕರು ಪುಟ ಮಗುಚುತ್ತಾರೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಮಕ್ಕಳೇ, ನೀವು ಹೊಲದಲ್ಲಿ, ಮನೆಯಲ್ಲಿ ಆಡುವ ಮಾತಿನ ತುಂಬ ಇರುವುದು ಕೃದಂತವೇ. ಗುರುತು ಹಿಡಿಯುವುದನ್ನು ಕಲಿತರೆ ಸಾಕು.

1. ಮೊದಲು ಧಾತು ಹಿಡಿಯಿರಿ.
‘ಓಟ’ದ ಮೂಲ ಓಡು, ‘ನಡಿಗೆ’ಯ ಮೂಲ ನಡೆ. ಧಾತುವಿಗೆ ಪ್ರತ್ಯಯ ಸೇರಿದರೆ ಕೃದಂತ, ನಾಮಪದಕ್ಕೆ ಸೇರಿದರೆ ತದ್ಧಿತಾಂತ. ‘ಬೆಳೆದ’ ಕೃದಂತ, ‘ಬೆಳೆಗಾರ’ ತದ್ಧಿತಾಂತ, ಅಲ್ಲಿ ‘ಬೆಳೆ’ ನಾಮಪದ.

2. ಮೂರು ಗುಂಪು ಮಾಡಿ.
ಮಾಡುವ, ಮಾಡಿದ, ಮಾಡದ: ಕೃದಂತನಾಮ. ಮಾಟ, ನೋಟ, ಓದುವಿಕೆ, ಮಾಡುವುದು: ಭಾವನಾಮ. ಮಾಡಿ, ಮಾಡುತ್ತ, ಮಾಡದೆ, ಮಾಡಲು: ಕೃದಂತಾವ್ಯಯ.

3. ವಿಭಕ್ತಿ ಹಚ್ಚಿ ನೋಡಿ.
ಓಟವನ್ನು, ಓಟದಿಂದ, ಮಾಡಿದವನಿಗೆ: ವಿಭಕ್ತಿ ಹತ್ತಿತು, ನಾಮವೇ ಸರಿ. ‘ಮಾಡುತ್ತ’ಕ್ಕೆ ಏನು ಹಚ್ಚಿದರೂ ಹತ್ತದು, ಅದು ಅವ್ಯಯ.

4. ಪದ ಕೂತ ಜಾಗ ಗಮನಿಸಿ.
ಅಂಕ ಕಳೆದುಕೊಳ್ಳುವುದು ಹೆಚ್ಚಾಗಿ ಇಲ್ಲೇ. ‘ಹೊಗೆಸೊಪ್ಪು ಬೆಳೆದ ರೈತ’ ಎಂದಾಗ ‘ಬೆಳೆದ’ ಕೃದಂತನಾಮ. ‘ರೈತ ಹೊಗೆಸೊಪ್ಪು ಬೆಳೆದ’ ಎಂದಾಗ ಅದೇ ಪದ ಪೂರ್ಣ ಕ್ರಿಯಾಪದ. ಅನುಮಾನ ಬಂದರೆ ‘ನು’ ಸೇರಿಸಿ. ‘ರೈತ ಬೆಳೆದನು’ ಒಪ್ಪುತ್ತದೆ, ‘ಬೆಳೆದನು ರೈತ’ ಎಂದರೆ ಮೊದಲಿನ ಅರ್ಥವೇ ಹೋಗುತ್ತದೆ.

5. ಮನೆಮಾತನ್ನು ಬಿಡಿಸಿ ಬರೆಯಿರಿ.
‘ಸೊಪ್ಪು ಮುರಿಯಕ್ಕೆ ಹೋದ್ರು’ ಅನ್ನುತ್ತೇವೆ. ಅದು ‘ಮುರಿಯಲಿಕ್ಕೆ’, ಕೃದಂತಾವ್ಯಯ. ‘ನಾಟಿ ಮಾಡೋದು’ ಅಂದರೆ ‘ಮಾಡುವುದು’, ಭಾವನಾಮ. ‘ಮಾಡ್ಕಂಡು’ ಅಂದರೆ ‘ಮಾಡಿಕೊಂಡು’, ಮತ್ತೆ ಅವ್ಯಯ. ನಿಮ್ಮೂರ ಮಾತು ತಪ್ಪಲ್ಲ, ವ್ಯಾಕರಣಕ್ಕೆ ಅದೇ ಒಳ್ಳೆಯ ಸಾಮಗ್ರಿ.

6. ಬೇರೆ ಭಾಷೆಯ ಜೊತೆ ಹೋಲಿಸಿ.
ಲ್ಯಾಟಿನ್‌ನ ಜೆರಂಡ್ ನಮ್ಮ ಭಾವನಾಮಕ್ಕೆ ಹತ್ತಿರ: ‘ಆರ್ಸ್ ಲೆಗೆಂಡಿ’ ಎಂದರೆ ಓದುವ ಕಲೆ. ಜೆರಂಡಿವ್ ವಿಶೇಷಣ, ಆಗಬೇಕಾದ ಕೆಲಸವನ್ನು ಹೇಳುತ್ತದೆ: ‘ಲಿಬೆರ್ ಲೆಗೆಂಡುಸ್’ ಎಂದರೆ ಓದಬೇಕಾದ ಪುಸ್ತಕ. ಅಲ್ಲಿ ವಿಶೇಷಣವೂ ನಾಮಪದದ ಲಿಂಗ, ವಚನ, ವಿಭಕ್ತಿಗೆ ತಕ್ಕಂತೆ ಬದಲಾಗುತ್ತದೆ. ನಮ್ಮ ‘ಓದಬೇಕಾದ’ ಹಾಗೇ ಉಳಿಯುತ್ತದೆ. ಗ್ರಾಮ ಪಂಚಾಯಿತಿ ಸಭೆಯ ‘ಅಜೆಂಡಾ’ ಕೂಡ ಲ್ಯಾಟಿನ್ ಜೆರಂಡಿವ್: ಮಾಡಬೇಕಾದ ಕೆಲಸಗಳು. ಸಂಸ್ಕೃತದ ಕರ್ತವ್ಯ, ಪೂಜನೀಯ ಇದೇ ಜಾತಿಯವು. ಪಿಯುಸಿಯಲ್ಲಿ ಸಂಸ್ಕೃತ ತೆಗೆದುಕೊಂಡವರಿಗೆ ಈ ಹೋಲಿಕೆ ಎರಡೂ ಕಡೆ ನೆರವಾಗುತ್ತದೆ.

7. ದಿನಕ್ಕೊಂದು ವಾಕ್ಯ ಒಡೆಯಿರಿ.
13ನೇ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಸೂತ್ರ ಹೇಳಿ ಸುಮ್ಮನಾಗಲಿಲ್ಲ, ಕವಿಗಳ ಪ್ರಯೋಗಗಳನ್ನೂ ಎದುರಿಗಿಟ್ಟ. ನೀವೂ ಪ್ರಯೋಗದಿಂದಲೇ ಕಲಿಯಿರಿ. ಇದನ್ನು ನೋಡಿ: ‘ಕಾವೇರಿ ತುಂಬಿ, ನಾಲೆಗೆ ನೀರು ಬಂದು, ನಾಟಿ ಮಾಡುವ ಹೊತ್ತಿಗೆ ಆಳು ಸಿಗದೆ ಕೆ.ಆರ್. ನಗರದ ರೈತರು ಪರದಾಡಿದರು.’ ತುಂಬಿ, ಬಂದು, ಸಿಗದೆ ಅವ್ಯಯಗಳು, ‘ಮಾಡುವ’ ಕೃದಂತನಾಮ, ‘ಪರದಾಡಿದರು’ ಕ್ರಿಯಾಪದ. ಇವತ್ತಿನ ಪತ್ರಿಕೆಯಿಂದ ಇಂಥ ಒಂದು ಉದ್ದ ವಾಕ್ಯ ಆರಿಸಿ ಒಡೆದು, ನಿಮ್ಮ ಕನ್ನಡ ಮೇಷ್ಟ್ರಿಗೆ ತೋರಿಸಿ. ಪರೀಕ್ಷೆ ಬರುವಷ್ಟರಲ್ಲಿ ಕೃದಂತ ನಿಮಗೆ ಅಂಕ ತರುವ ಪ್ರಶ್ನೆಯಾಗಿರುತ್ತದೆ.