ಎಕ್ಕದ ನೆಂಟ ಹೋಯಾ: ಬಳ್ಳಾರಿ ಬಿಸಿಲಲ್ಲಿ ಸಾಕೋದು, ಹೆಸರು ಹಿಡಿಯೋದು

ಹೋಯಾ ಅಂದರೆ ದಪ್ಪ ಎಲೆಯ ಒಂದು ಬಳ್ಳಿ. ಹೂ ಬಿಟ್ಟಾಗ ಸಣ್ಣ ಸಣ್ಣ ನಕ್ಷತ್ರಗಳು ಗೊಂಚಲಾಗಿ, ಮೇಣದಲ್ಲಿ ಅಚ್ಚು ಹಾಕಿದ ಹಾಗೆ ಕಾಣಿಸ್ತವೆ. ಕತ್ತಲಾದ ಮೇಲೆ ಘಮ ಶುರು. ಈಗ ನರ್ಸರಿಗಳಲ್ಲೂ ಆನ್‌ಲೈನ್‌ನಲ್ಲೂ ಸುಲಭವಾಗಿ ಸಿಗುತ್ತೆ. ಆದರೆ ಎರಡು ಕಷ್ಟ ಇವೆ. ಒಂದು, ಇದು ಮಳೆಕಾಡಿನ ಗಿಡ, ನಮ್ಮದು ಬಳ್ಳಾರಿ. ಎರಡು, ಹೂ ಇಲ್ಲದಾಗ ಒಂದು ಹೋಯಾ ಇನ್ನೊಂದರ ಹಾಗೇ ಕಾಣುತ್ತೆ, ಬೆಲೆ ಮಾತ್ರ ಹೆಸರಿನ ಮೇಲೆ ಏರುತ್ತೆ. ‘ಅಪರೂಪದ ಜಾತಿ’ ಅಂತ ಪಾಕೆಟ್ ಮನಿ ಪೂರ್ತಿ ಕೊಟ್ಟು, ಸಾಮಾನ್ಯ ಗಿಡ ಮನೆಗೆ ತರೋದು ಬಹಳ ಸುಲಭ.

ಸತ್ಯನಾರಾಯಣಪೇಟೆಯಲ್ಲಿ ಒಂದು ಮನೆಯ ಮೊದಲ ಮಹಡಿ, ಪೂರ್ವದ ಬಾಲ್ಕನಿ. ಅಲ್ಲಿ ನಮ್ಮ ಕ್ಲಬ್ಬಿನ ನಾಲ್ಕು ಜನ ಸೇರಿ ಏಳು ಹೋಯಾ ಸಾಕ್ತಾ ಇದ್ದೀವಿ. ಈ ಪಾಠ ಅಲ್ಲಿಂದಲೇ ಬಂದದ್ದು. ಇದರಲ್ಲಿ ನಾವು ಹೇಳಬೇಕು ಅಂತಿರೋದು ಒಂದೇ ಮಾತು: ಹೋಯಾದ ಹೆಸರಿಗೆ ಪಕ್ಕಾ ಸಾಕ್ಷಿ ಹೂವು. ಹೂವು ಬೇಕು ಅಂದರೆ ಗಿಡ ಎರಡು ಮೂರು ವರ್ಷ ಬದುಕಿರಬೇಕು. ಹಾಗಾಗಿ ಸಾಕೋದು ಮತ್ತು ಗುರುತಿಸೋದು ಬೇರೆ ಬೇರೆ ಸಬ್ಜೆಕ್ಟ್ ಅಲ್ಲ.

ಮೊದಲು ಎಕ್ಕದ ಗಿಡ ನೋಡ್ರಿ

ಹೋಯಾ ವಿದೇಶಿ ಗಿಡ ಅಂತ ನಾವೆಲ್ಲ ಅಂದ್ಕೋತೀವಿ. ಅದರ ಹತ್ತಿರದ ನೆಂಟ ನಮ್ಮ ಊರಿನ ಖಾಲಿ ಸೈಟುಗಳಲ್ಲೆಲ್ಲ ಇದೆ: ಎಕ್ಕ. ಆಂಜನೇಯನಿಗೆ ಹಾರ ಹಾಕ್ತಾರಲ್ಲ, ಅದೇ. ಎರಡೂ ಅಪೊಸೈನೇಸಿ ಅನ್ನೋ ಒಂದೇ ಕುಟುಂಬ. ಕಣಗಿಲೆ, ನಂದಿಬಟ್ಟಲು, ದೇವಕಣಗಿಲೆ ಕೂಡ ಅದೇ ಕುಟುಂಬದವು.

ಒಂದು ಸಣ್ಣ ಪ್ರಾಕ್ಟಿಕಲ್ ಮಾಡಿ. ಎಕ್ಕದ ಒಂದು ಹೂ ತಗೊಳ್ಳಿ. ಐದು ದಳ, ನಡುವೆ ಕಿರೀಟದ ಹಾಗೆ ಐದು ಭಾಗದ ಒಂದು ರಚನೆ ಇರುತ್ತೆ. ಆ ಕಿರೀಟದ ಭಾಗಗಳ ನಡುವೆ ಸಣ್ಣ ಸೀಳು ಇದೆ. ಅಲ್ಲಿ ಗುಂಡುಸೂಜಿ ತೂರಿಸಿ ಮೆಲ್ಲಗೆ ಮೇಲಕ್ಕೆ ಎಳೆದರೆ, ಒಂದು ಕಪ್ಪು ಚುಕ್ಕೆಯಂಥ ಕ್ಲಿಪ್ಪು, ಅದಕ್ಕೆ ನೇತುಬಿದ್ದ ಎರಡು ಹಳದಿ ಚೀಲ ಹೊರಗೆ ಬರ್ತವೆ. ಪರಾಗ ಪುಡಿಯಾಗಿ ಉದುರಲ್ಲ, ಹೀಗೆ ಪ್ಯಾಕ್ ಆಗಿ ಇರುತ್ತೆ. ಹುಳದ ಕಾಲು ಆ ಸೀಳಿಗೆ ಸಿಕ್ಕಾಗ ಕ್ಲಿಪ್ಪು ಅಂಟಿಕೊಂಡು ಮುಂದಿನ ಹೂವಿಗೆ ಹೋಗುತ್ತೆ. ಹೋಯಾ ಹೂವಿನ ಒಳಗಿರೋದೂ ಇದೇ ವ್ಯವಸ್ಥೆ. ಪ್ರಾಕ್ಟಿಕಲ್ ಮುಗಿದ ಮೇಲೆ ಕೈ ಚೆನ್ನಾಗಿ ತೊಳೀರಿ. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಅಪಾಯ. ಹೋಯಾ ಕತ್ತರಿಸಿದಾಗಲೂ ಹಾಲು ಬರುತ್ತೆ, ಅಲ್ಲೂ ಅದೇ ಎಚ್ಚರ ಇರಲಿ.

1810ರಲ್ಲಿ ರಾಬರ್ಟ್ ಬ್ರೌನ್ ಅನ್ನೋ ಸಸ್ಯವಿಜ್ಞಾನಿ ಈ ಗಿಡಗಳಿಗೆ ‘ಹೋಯಾ’ ಅಂತ ಹೆಸರಿಟ್ಟ. ಲಂಡನ್ ಹತ್ತಿರದ ಸಯನ್ ಹೌಸ್ ತೋಟದ ಮುಖ್ಯ ಮಾಲಿ ಥಾಮಸ್ ಹೋಯ್ ಅವರ ನೆನಪಿಗೆ ಇಟ್ಟ ಹೆಸರದು. ದೊಡ್ಡ ಡ್ಯೂಕ್‌ನ ತೋಟ, ಹೆಸರು ಮಾತ್ರ ಮಾಲಿಯದು. ನಮಗೆ ಇದು ಬಹಳ ಇಷ್ಟ ಆಯ್ತು. ಅದಕ್ಕೂ ಮುಂಚೆ ಇವತ್ತಿನ ಹೋಯಾ ಕಾರ್ನೋಸಾವನ್ನ ಎಕ್ಕದ ಹತ್ತಿರದ ಇನ್ನೊಂದು ಕುಲವಾದ ಆಸ್ಕ್ಲೆಪಿಯಾಸ್‌ನಲ್ಲಿ ಸೇರಿಸಿದ್ದರು.

ನಮ್ಮ ರಾಜ್ಯದಲ್ಲೂ ಕಾಡು ಹೋಯಾ ಇವೆ. ಪಶ್ಚಿಮ ಘಟ್ಟದಲ್ಲಿ ಹೋಯಾ ವೈಟಿಐ, ಹೋಯಾ ಓವಾಲಿಫೋಲಿಯಾ ಮರಗಳ ಮೇಲೆ ಹಬ್ಬಿ ಬೆಳೀತವೆ. ಟ್ರೆಕ್ಕಿಂಗ್ ಹೋದಾಗ ಕಂಡರೆ ಫೋಟೋ ತೆಗೀರಿ, ಕಿತ್ತು ತರಬೇಡಿ.

ಬಳ್ಳಾರಿಯಲ್ಲಿ ಸಾಕೋದು

ಬಹಳಷ್ಟು ಹೋಯಾ ಮರದ ತೊಗಟೆ ಹಿಡಿದು ಬೆಳೆಯೋ ಗಿಡಗಳು. ಮರದಿಂದ ಅವು ಊಟ ಕದಿಯಲ್ಲ, ಬರೀ ಜಾಗ ತಗೋತವೆ. ಬೇರಿಗೆ ನೀರು ಬಂದು ಹೋಗಬೇಕು, ಜೊತೆಗೆ ಗಾಳಿ ಇರಬೇಕು. ಇದೊಂದು ಅರ್ಥ ಆದರೆ ಮಿಕ್ಕಿದ್ದೆಲ್ಲ ತಾನೇ ಅರ್ಥ ಆಗುತ್ತೆ.

ಮಣ್ಣು: ನಮ್ಮ ಕಡೆಯ ಎರೆಮಣ್ಣು ಹತ್ತಿಗೆ, ಮೆಣಸಿನಕಾಯಿಗೆ ಬಂಗಾರ. ಹೋಯಾಗೆ ಅದು ವಿಷ. ನೀರು ಕುಡಿದು ಉಬ್ಬುತ್ತೆ, ಗಾಳಿ ಹೋಗೋ ಸಂದು ಮುಚ್ಚುತ್ತೆ, ಬೇರು ಕೊಳೆಯುತ್ತೆ. ನಾವು ಹಾಕೋದು ಎರಡು ಪಾಲು ತೆಂಗಿನ ಸಿಪ್ಪೆಯ ತುಂಡು, ಒಂದು ಪಾಲು ಇಟ್ಟಿಗೆ ಚೂರು, ಒಂದು ಪಾಲು ಇದ್ದಿಲು, ಮೇಲೆ ಒಂದು ಹಿಡಿ ಎರೆಗೊಬ್ಬರ. ಸಿಪ್ಪೆಯನ್ನ ಎರಡು ದಿನ ನೆನೆಸಿ, ನೀರು ಬದಲಾಯಿಸಿ ತೊಳೆದ ಮೇಲೆ ಹಾಕಿ, ಅದರಲ್ಲಿ ಉಪ್ಪು ಇರುತ್ತೆ.

ಕುಂಡ: ಚಿಕ್ಕದೇ ಸಾಕು. ಸಣ್ಣ ಗಿಡಕ್ಕೆ ನಾಲ್ಕು ಇಂಚು. ದೊಡ್ಡ ಕುಂಡದಲ್ಲಿ ಬೇರು ಮುಟ್ಟದ ಜಾಗ ಒದ್ದೆಯಾಗೇ ಉಳಿಯುತ್ತೆ.

ನೀರು: ಟೈಮ್‌ಟೇಬಲ್ ಹಾಕಿ ನೀರು ಹಾಕಬೇಡಿ. ಹಳೇ ಎಲೆ ಒಂದನ್ನ ಮೆಲ್ಲಗೆ ಮಡಚಿ ನೋಡಿ. ಹಪ್ಪಳದ ಹಾಗೆ ಬಿರುಸಾಗಿದ್ದರೆ ಗಿಡದೊಳಗೆ ನೀರಿದೆ. ದೋಸೆ ಹಾಗೆ ಮಡಚಿಕೊಂಡರೆ ಬಾಯಾರಿದೆ ಅಂತ ಅರ್ಥ. ಆದರೆ ಕುಂಡ ಒದ್ದೆ ಇದ್ದೂ ಎಲೆ ಮೆತ್ತಗಾಗಿದ್ದರೆ ಬೇರು ಕೊಳೆತಿರಬಹುದು, ಆಗ ಇನ್ನಷ್ಟು ನೀರು ಹಾಕಿದರೆ ಗಿಡ ಹೋಯ್ತು ಅಂತಲೇ. ಬೋರ್ ನೀರು ಗಡುಸಾಗಿದ್ದರೆ ತಿಂಗಳಿಗೊಮ್ಮೆ ಕುಂಡದ ತಳದಿಂದ ಹರಿದು ಹೋಗೋ ಹಾಗೆ ಧಾರಾಳ ನೀರು ಹಾಕಿ, ಕೂತ ಉಪ್ಪು ತೊಳೆದು ಹೋಗಲಿ. ಮಳೆಗಾಲದಲ್ಲಿ ಒಂದು ಬಕೆಟ್ ಮಳೆನೀರು ಹಿಡಿದಿಟ್ಟರೆ ಇನ್ನೂ ಒಳ್ಳೇದು.

ಬಿಸಿಲು: ಬೆಳಗಿನ ಎರಡು ಗಂಟೆ ಬಿಸಿಲು ಬೇಕೇ ಬೇಕು, ಇಲ್ಲಾಂದ್ರೆ ಹೂ ಇಲ್ಲ. ಮಧ್ಯಾಹ್ನದ ಪಡುವಣ ಬಿಸಿಲು ಬೇಡ. ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟಿದಾಗ ನಾವು ಗಿಡಗಳನ್ನ ಒಟ್ಟಿಗೆ ಗುಂಪು ಮಾಡಿ ನೆರಳಿನ ಬಲೆ ಕಟ್ತೀವಿ. ಮನೆಯೊಳಗೆ ಇಟ್ಟಿದ್ದರೆ ಏರ್ ಕೂಲರ್ ಇರೋ ರೂಮಿನಲ್ಲಿಡಿ. ಕೂಲರ್ ನೀರನ್ನ ಆವಿ ಮಾಡಿ ಗಾಳಿಯ ತೇವ ಏರಿಸುತ್ತೆ, ಗಿಡಕ್ಕೂ ಅದೇ ಬೇಕು.

ಇಷ್ಟು ಬಿಸಿಲಲ್ಲಿ ಮಳೆಕಾಡಿನ ಗಿಡ ಬದುಕೋದು ಹೇಗೆ? ಮರದ ಮೇಲೆ ಮಣ್ಣಿಲ್ಲ. ಮಳೆ ನಿಂತ ಸ್ವಲ್ಪ ಹೊತ್ತಿಗೆ ಅಲ್ಲೂ ಬರಗಾಲವೇ. ಅದಕ್ಕೇ ಕಾರ್ನೋಸಾದಂಥ ಹೋಯಾಗಳು ಕಳ್ಳಿ, ಅನಾನಸ್ ಥರ ರಾತ್ರಿ ಎಲೆಯ ರಂಧ್ರ ತೆರೆದು ಇಂಗಾಲದ ಡೈಆಕ್ಸೈಡ್ ತಗೊಂಡು, ಆಮ್ಲದ ರೂಪದಲ್ಲಿ ಕೂಡಿಟ್ಟು, ಹಗಲು ಬಾಗಿಲು ಮುಚ್ಚಿಕೊಂಡು ಅದನ್ನ ಬಳಸ್ತವೆ. ರಾತ್ರಿ ಚಾರ್ಜ್ ಮಾಡಿ ಹಗಲು ಓಡಿಸೋ ಯುಪಿಎಸ್ ಅಂದ್ಕೊಳ್ಳಿ. ಹಾಗಾಗಿ ದಪ್ಪ ಎಲೆಯ ಹೋಯಾ ನಮ್ಮೂರಿಗೆ ಮೊದಲ ಆಯ್ಕೆ. ತೆಳು ಎಲೆಯ ಹೋಯಾ ಬೆಲ್ಲಾದಂಥವು ಒಣ ಗಾಳಿಗೆ ಬೇಗ ಸೋಲ್ತವೆ.

ಹುಳ: ಎಕ್ಕ, ಕಣಗಿಲೆ ಮೇಲೆ ಕೂರೋ ಹಳದಿ ಸಸ್ಯಹೇನು ಹೋಯಾ ಮೊಗ್ಗಿಗೂ ಬರುತ್ತೆ. ನೆಂಟಸ್ತಿಕೆ ಅದಕ್ಕೂ ಗೊತ್ತು! ನೀರಿನ ಜೋರಿಗೆ ಉದುರಿಸಿ. ಗೆಣ್ಣಿನ ಸಂದಿಯಲ್ಲಿ ಬಿಳಿ ಹತ್ತಿಯಂಥ ಹಿಟ್ಟುತಿಗಣೆ ಕಂಡರೆ ಸೋಪಿನ ನೀರಲ್ಲಿ ಅದ್ದಿದ ಹತ್ತಿಯಿಂದ ಒರೆಸಿ.

ಕತ್ತರಿ ದೂರ ಇಡಿ: ಎಲೆ ಇಲ್ಲದ ಉದ್ದ ಕುಡಿ ಬಂದರೆ ಒಣಗಿದ್ದು ಅಂತ ಕತ್ತರಿಸಬೇಡಿ. ಅದು ಆಸರೆ ಹುಡುಕ್ತಿದೆ, ಎಲೆ ಆಮೇಲೆ ಬರುತ್ತೆ. ಹೂ ಉದುರಿದ ಮೇಲೆ ಉಳಿಯೋ ಮೋಟು ತೊಟ್ಟನ್ನೂ ಕತ್ತರಿಸಬೇಡಿ. ಬಹುಪಾಲು ಹೋಯಾಗಳಲ್ಲಿ ಮುಂದಿನ ಗೊಂಚಲು ಅದೇ ತೊಟ್ಟಿನಲ್ಲಿ ಬರುತ್ತೆ. ಮೊಗ್ಗು ಬಂದ ಮೇಲೆ ಕುಂಡದ ಜಾಗ ಬದಲಾಯಿಸೋದೂ ಬೇಡ, ಮೊಗ್ಗು ಉದುರುತ್ತೆ.

ಹೆಸರು ಹಿಡಿಯೋದು

ಹೋಯಾದಲ್ಲಿ 500ಕ್ಕೂ ಹೆಚ್ಚು ಜಾತಿ ಇವೆ. ಎಲ್ಲ ಕಲಿಯೋದು ಬೇಡ, ಅಂಗಡಿಯಲ್ಲಿ ಹೆಚ್ಚು ಗೊಂದಲ ಮಾಡೋ ಮೂರು ಜೋಡಿ ಸಾಕು.

ಕಾರ್ನೋಸಾ, ಪ್ಯೂಬಿಕ್ಯಾಲಿಕ್ಸ್: ಕಾರ್ನೋಸಾ ಎಲೆ ಅಗಲ, ಮೊಟ್ಟೆಯಾಕಾರ. ಪ್ಯೂಬಿಕ್ಯಾಲಿಕ್ಸ್ ಎಲೆ ಉದ್ದ, ಕಿರಿದು, ಬಹಳ ಸಲ ಬೆಳ್ಳಿ ಚುಕ್ಕೆ ಇರುತ್ತೆ. ಆದರೆ ಚುಕ್ಕೆ ನಂಬಬೇಡಿ, ಕಾರ್ನೋಸಾದಲ್ಲೂ ಚುಕ್ಕೆಯ ತಳಿಗಳಿವೆ. ಹೂವಿನಲ್ಲಿ ಕಾರ್ನೋಸಾದ ದಳ ಬಿಳಿ ಅಥವಾ ತಿಳಿ ಗುಲಾಬಿ, ನಡುವೆ ಕೆಂಪು ಚುಕ್ಕೆ. ಪ್ಯೂಬಿಕ್ಯಾಲಿಕ್ಸ್ ಗುಲಾಬಿಯಿಂದ ಗಾಢ ಕೆಂಪಿನವರೆಗೆ ಇರುತ್ತೆ. ಹೂವನ್ನ ಹಿಂದಕ್ಕೆ ತಿರುಗಿಸಿ ಹಸಿರು ಪುಷ್ಪಪಾತ್ರೆಯನ್ನೂ ನೋಡಿ. ‘ರೋಮ ಇರೋ ಪುಷ್ಪಪಾತ್ರೆ’ ಅನ್ನೋದೇ ಪ್ಯೂಬಿಕ್ಯಾಲಿಕ್ಸ್ ಹೆಸರಿನ ಅರ್ಥ.

ಕೆರಿಐ, ಒಬೊವಾಟಾ: ಕೆರಿಐ ಎಲೆಯ ತುದಿ ಒಳಕ್ಕೆ ಸೀಳಿ ಹೃದಯದ ಆಕಾರ ಬರುತ್ತೆ. ಒಬೊವಾಟಾ ಎಲೆ ದುಂಡಗೆ, ತುದಿಯ ಕಚ್ಚು ಇದ್ದರೂ ಚಿಕ್ಕದು. ಕೆರಿಐ ಹೂ ಕೆನೆ ಬಣ್ಣ, ದಳ ಹಿಂದಕ್ಕೆ ಮಡಚಿರುತ್ತೆ. ಒಬೊವಾಟಾ ಹೂ ಗುಲಾಬಿ.

ಕ್ರಿಮ್ಸನ್ ಕ್ವೀನ್, ಕ್ರಿಮ್ಸನ್ ಪ್ರಿನ್ಸೆಸ್: ಎರಡೂ ಕಾರ್ನೋಸಾದ ತಳಿಗಳೇ. ಕ್ವೀನ್‌ಗೆ ಎಲೆಯ ಅಂಚು ಬಿಳಿ, ಪ್ರಿನ್ಸೆಸ್‌ಗೆ ಎಲೆಯ ನಡು ಬಿಳಿ. ರಾಣಿಯ ಸೀರೆಗೆ ಬಾರ್ಡರ್ ಅಂತ ನೆನಪಿಡಿ.

ನಮ್ಮ ಬಾಲ್ಕನಿಯ ಅತಿ ಹಳೇ ಗಿಡ ನಮ್ಮಲ್ಲೊಬ್ಬಳ ಅತ್ತೆಯ ಮನೆಯಿಂದ ಬಂದದ್ದು. ಅದರ ಟ್ಯಾಗಿನಲ್ಲಿ ‘ಪ್ಯೂಬಿಕ್ಯಾಲಿಕ್ಸ್’ ಅಂತಿತ್ತು. ಎಲೆ ನೋಡಿ ನಾಲ್ಕು ಜನ ಎರಡು ಪಾರ್ಟಿ ಆಗಿ ಸೆಮಿಸ್ಟರ್ ಪೂರ್ತಿ ವಾದ ಮಾಡಿದೆವು. ಹೂ ಬಿಟ್ಟಿತು, ತಿಳಿ ಗುಲಾಬಿ, ನಡುವೆ ಕೆಂಪು. ಕಾರ್ನೋಸಾ! ವಾದ ಅಲ್ಲಿಗೆ ಮುಗೀತು. ಅತ್ತೆಗೆ ಹೇಳಿದರೆ, ‘ಹೆಸರು ಏನಾದ್ರೂ ಇರ್ಲವ್ವ, ವಾಸನಿ ಬಂತಲ್ಲ’ ಅಂದರು. ಸಾಕೋರಿಗೆ ಅದು ಸರಿ. ದುಡ್ಡು ಕೊಡೋರಿಗೆ, ಕಡ್ಡಿ ಹಂಚೋರಿಗೆ ಸರಿಯಾದ ಹೆಸರು ಬೇಕು. ಒಂದು ತಪ್ಪು ಟ್ಯಾಗಿನ ಗಿಡದಿಂದ ಹತ್ತು ಕಡ್ಡಿ ಹೋದರೆ ಹತ್ತು ತಪ್ಪು ಗಿಡ. ಗೊತ್ತಿಲ್ಲದಿದ್ದರೆ ಟ್ಯಾಗಿನಲ್ಲಿ ಹೆಸರಿನ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ, ಸಾಕು.

ಕೊಳ್ಳೋ ಮುಂಚೆ

ಫೆಬ್ರವರಿಯಲ್ಲಿ ಕುಂಡಕ್ಕೆ ಒಂದೇ ಹೃದಯದ ಎಲೆ ಚುಚ್ಚಿ ಮಾರ್ತಾರೆ. ಅದು ಕೆರಿಐ ಎಲೆ. ಗೆಣ್ಣಿನ ತುಂಡು ಇಲ್ಲದ ಎಲೆಗೆ ಬೇರು ಬರಬಹುದು, ವರ್ಷಗಟ್ಟಲೆ ಹಸಿರಾಗೂ ಇರಬಹುದು, ಬಳ್ಳಿ ಮಾತ್ರ ಆಗಲ್ಲ. ಯಾಕಂದ್ರೆ ಹೊಸ ಕುಡಿ ಹೊರಡೋದು ಗೆಣ್ಣಿನಿಂದ. ಎರಡು ಗೆಣ್ಣಿರೋ ಕಡ್ಡಿ ಕೇಳಿ. ಆನ್‌ಲೈನ್‌ನಲ್ಲಿ ಜಾತಿಯ ಹೆಸರಿಗೆ ಹೆಚ್ಚು ದುಡ್ಡು ಕೇಳಿದರೆ, ತಾಯಿ ಗಿಡದ ಹೂವಿನ ಫೋಟೋ ಕೇಳಿ. ಅದಿಲ್ಲ ಅಂದರೆ ಸಾಮಾನ್ಯ ಗಿಡದ ಬೆಲೆ ಮಾತ್ರ ಕೊಡಿ.

ಜೂನಿಯರ್‌ಗಳಿಗೆ ಒಂದು ಮಾತು. ಮೊದಲ ಸೆಮಿಸ್ಟರ್‌ನಲ್ಲಿ ಒಂದು ಕಡ್ಡಿ ನೆಟ್ಟರೆ, ಮೂರನೇ ವರ್ಷದ ಹೊತ್ತಿಗೆ ಹೂ ನೋಡಬಹುದು. ಮಳೆ ಬಿದ್ದು ಸೆಖೆ ಇಳಿದ ಮೇಲೆ ನಮ್ಮ ಕಾರ್ನೋಸಾದ ಕಡ್ಡಿಗಳನ್ನ ಕ್ಲಬ್ಬಿನಲ್ಲಿ ಉಚಿತವಾಗಿ ಕೊಡ್ತೀವಿ. ಖಾಲಿ ಮೊಸರಿನ ಡಬ್ಬಿಯ ತಳಕ್ಕೆ ತೂತು ಹಾಕಿ, ಸಿಪ್ಪೆ ನೆನೆಸಿ ತೊಳೆದು ತಗೊಂಡು ಬನ್ನಿ.